ಒಂದೇ ಕಿಕ್ಕಿನ ಸವಾಲು

“ಒಂದ ಕಿಕ್ಕಿಗೆ ಯಾವುದು ಚಾಲೂ ಆಗ್ತದ, ಅದ ಗೆದ್ದಂಗ!” ಎಂದು ಈರಯ್ಯ ಸವಾಲು ಹಾಕಿಯೇ ಬಿಟ್ಟ. ಅವನದು ಯೆಜ್ಡಿ ಬೈಕು, ಗೆಳೆಯ ಸೈಫುದ್ದೀನನದು ಜಾವಾ. ಎರಡೂ ಮೈಸೂರಿನ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿಗಳು. ಯಾವುದು ಮೇಲು ಎಂಬ ಜಗಳ ಮಾತ್ರ ಮಾನ್ವಿಯ ಆ ಚಹಾದಂಗಡಿಯಲ್ಲಿ ಇನ್ನೂ ಮುಗಿದಿರಲಿಲ್ಲ.

ಸೈಫುದ್ದೀನ್ ಎಡ ಮೊಣಕಾಲು ಸವರಿಕೊಂಡ. ಈರಯ್ಯ ಆಗ ಜಾವಾ ನಿಂತ ಜಾಗ ನೋಡಿದ. ಅಂಗಡಿಯ ಮುಂದೆ ಅಷ್ಟು ನೆರಳಿದ್ದರೂ ಅದು ಬಿಸಿಲಲ್ಲಿ, ಇಳಿಜಾರಿನ ತುದಿಗೆ ನಿಂತಿತ್ತು. ಈ ಗಾಡಿಗಳ ಕಿಕ್ಕು ಇರುವುದೇ ಎಡಗಡೆ. ರಾಯಚೂರಿನಲ್ಲಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡ ಮೇಲೆ ಗೆಳೆಯ ಅದನ್ನು ಒದೆಯಲಾರದೆ, ಇಳಿಜಾರಿನಲ್ಲಿ ಉರುಳಿಸಿ ಚಾಲೂ ಮಾಡುತ್ತಿದ್ದಾನೆ ಎಂಬುದು ಈರಯ್ಯನಿಗೆ ಹೊಳೆಯಿತು.

ಅವನು ಚಾವಿ ತಿರುಗಿಸದೆಯೇ ಯೆಜ್ಡಿಯ ಕಿಕ್ಕು ಒದ್ದ. ಮತ್ತೆ ಒದ್ದ. “ಯಾಕೋ ಚಾಲೂ ಆಗವಲ್ದು. ನಡೀಲೇ ಸೈಫು, ಎರಡೂ ಇಳಿಜಾರಿನ್ಯಾಗ ಬಿಟ್ಟು ನೋಡೋಣ.”

ಎರಡೂ ಗಾಡಿಗಳು ಜೊತೆಯಾಗಿ ಉರುಳಿದವು. ಜಾವಾ ಫಟಫಟ ಎಂದು ಹೊಗೆ ಬಿಟ್ಟು ಮುಂದೆ ಹಾರಿತು. “ನೋಡಿದೇನಲೇ ಈರ್ಯಾ? ಜಾವಾ ಅಂದ್ರ ಜಾವಾ!” ಎಂದು ಸೈಫುದ್ದೀನ್ ಹಿಂದೆ ತಿರುಗಿ ನೋಡಿ ಕೂಗಿದ.

ಈರಯ್ಯ ಆಮೇಲೆ ಚಾವಿ ತಿರುಗಿಸಿದ.