ಆರನೇ ಕಾರು

"ನಿಮ್ಮ ಮಾತು ನಂಬಲೋ, ಇದನ್ನು ನಂಬಲೋ?" ಎಂದು ನಿವೃತ್ತ ಗಣಿತದ ಮೇಷ್ಟ್ರು ಜೇಬಿನಿಂದ ಪತ್ರಿಕೆಯ ತುಂಡೊಂದನ್ನು ತೆಗೆದು ಬುಕಿಂಗ್ ಫಾರಂ ಮೇಲೆ ಹರಡಿದಾಗ ಅದು ಯಾವುದೆಂದು ಅಕ್ಕನಿಗೆ ಓದದೆಯೇ ಗೊತ್ತಾಯಿತು. ಬೆಳಗಿನಿಂದ ಆ ತುಂಡು ಹಿಡಿದುಕೊಂಡು ಬಂದವರಲ್ಲಿ ಇವರು ಮೂರನೆಯವರು. ಮುಂದಿನ ವರ್ಷ ಎಲೆಕ್ಟ್ರಿಕ್ ಕಾರಿನ ಬೆಲೆ ಶೇಕಡ ಹದಿನೈದು ಇಳಿಯುತ್ತದೆ, ಈಗಲೇ ಅವಸರ ಬೇಡ ಎಂದು ಅದರಲ್ಲಿ ಬರೆದವಳು ಬೇರೆ ಯಾರೂ ಅಲ್ಲ, ಅಕ್ಕನ ಹೊಟ್ಟೆಯಲ್ಲಿ ಹುಟ್ಟಿದ ಮಗಳು.

ಶೋರೂಮಿನಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ಅವಳು ಅಕ್ಕ. ತಿಂಗಳ ಕೊನೆಯ ದಿನ. ಐದು ಕಾರು ಮಾರಿಯಾಗಿತ್ತು. ಎದುರು ಶೋರೂಮಿನವರು ನಿನ್ನೆಯಷ್ಟೇ ಬೆಲೆ ಇಳಿಸಿ ಬಾಗಿಲ ತುಂಬ ಬಲೂನು ಕಟ್ಟಿದ್ದರು. "ಇವತ್ತು ಆರನೆಯದು ಹೋಗದಿದ್ದರೆ ನಾಳೆಯಿಂದ ನೀವು ಬಿಡಿಭಾಗದ ಗೋದಾಮಿಗೆ" ಎಂದು ಮ್ಯಾನೇಜರ್ ಮುಲಾಜಿಲ್ಲದೆ ಹೇಳಿಬಿಟ್ಟಿದ್ದರು.

"ಪೇಪರಲ್ಲಿ ಏನೇನೋ ಬರೀತಾರೆ ಸಾರ್," ಎಂದಳು ಅಕ್ಕ. ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಿತು. "ನೀವು ಒಂದ್ಸಲ ಒಳಗೆ ಕೂತು ನೋಡಿ. ಮಂಡಿ ನೋವಿಗೆ ಹೇಳಿ ಮಾಡಿಸಿದ ಸೀಟು."

ಮೇಷ್ಟ್ರು ಕೂತರು. ಸ್ಟಿಯರಿಂಗ್ ಆಚೆ ತಿರುಗಿಸಿದರು, ಈಚೆ ತಿರುಗಿಸಿದರು. ಯಾರೂ ನೋಡುತ್ತಿಲ್ಲವೆಂದುಕೊಂಡು ಬಾಯಲ್ಲೇ ಮೆಲ್ಲಗೆ "ಪೀಂ ಪೀಂ" ಎಂದರು. ಇಳಿದು ಬಂದಾಗ ಮುಖ ಅರಳಿತ್ತು.

"ಸರಿ, ಎಲ್ಲಿ ಸಹಿ?" ಎಂದು ಪೆನ್ನಿನ ಮುಚ್ಚಳ ತೆಗೆದರು. "ನೀವು ಹೇಳಿದ್ದೇ ನಿಜ ಬಿಡಿ. ಆ ಹುಡುಗಿಗೆ ಏನು ಗೊತ್ತು? ಎಲ್ಲಿಂದಲೋ ಕಾಪಿ ಹೊಡೆದಿರ್ತಾಳೆ."

ಪೆನ್ನಿಗೂ ಕಾಗದಕ್ಕೂ ನಡುವೆ ಉಳಿದದ್ದು ಒಂದೇ ಗೇಣು. ಅಕ್ಕ ತುಟಿ ಬಿಗಿಹಿಡಿದಳು. ಆಗಲಿಲ್ಲ.

"ಕಾಪಿ ಅಲ್ಲ ಸಾರ್. ಮೂರು ತಿಂಗಳು ಕೂತು ಹಾಕಿದ ಲೆಕ್ಕ ಅದು."

"ಹೌದಾ? ಹಾಗಾದರೆ ಬಿಡಿಸಿ ತೋರಿಸಿ." ಮೇಷ್ಟ್ರು ಪೆನ್ನನ್ನು ಅವಳತ್ತ ಚಾಚಿದರು.

ಅಕ್ಕ ಫಾರಂ ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದಳು. ಮೂರು ತಿಂಗಳು ಊಟ ಬಡಿಸುತ್ತಾ ಕೇಳಿದ್ದೆಲ್ಲ ಒಂದೂ ಮರೆತಿರಲಿಲ್ಲ. "ಹತ್ತು ಲಕ್ಷದ ಕಾರಲ್ಲಿ ನಾಲ್ಕು ಲಕ್ಷ ಬ್ಯಾಟರಿಗೇ ಹೋಗುತ್ತೆ. ಮುಂದಿನ ವರ್ಷ ಬ್ಯಾಟರಿ ಕಾಲು ಭಾಗ ಅಗ್ಗ, ಅಲ್ಲಿಗೆ ಒಂದು ಲಕ್ಷ ಕಮ್ಮಿ. ಈಗ ಈ ಬೀದಿಯಲ್ಲಿ ನಾವು, ಎದುರಿನವರು, ಇಬ್ಬರೇ. ಆಮೇಲೆ ಐದು ಕಂಪನಿ ಬರುತ್ತೆ. ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆಯೋಕೆ ಎಲ್ಲರೂ ಲಾಭದಲ್ಲಿ ಐವತ್ತು ಸಾವಿರ ಬಿಡಲೇಬೇಕು. ಒಟ್ಟು ಒಂದೂವರೆ ಲಕ್ಷ. ಹತ್ತರಲ್ಲಿ ಒಂದೂವರೆ ಅಂದ್ರೆ ಹದಿನೈದು ಪರ್ಸೆಂಟು. ಸರಿ ತಾನೆ?"

ಮೇಷ್ಟ್ರು ಕನ್ನಡಕ ಏರಿಸಿ ಸಾಲುಸಾಲಾಗಿ ನೋಡಿದರು. ಪೆನ್ನು ಇಸಕೊಂಡು ದೊಡ್ಡದೊಂದು ರೈಟ್ ಹಾಕಿ, ಪಕ್ಕದಲ್ಲಿ 9 ಎಂದು ಬರೆದರು.

"ಒಂದು ಮಾರ್ಕ್ ಯಾಕೆ ಕಟ್ ಮಾಡಿದ್ರಿ ಸಾರ್?"

"ಐವತ್ತು ಸಾವಿರ ಹೇಗೆ ಬಂತು? ಮಧ್ಯೆ ಒಂದು ಹಂತ ಬಿಟ್ಟಿದ್ದೀರಿ."

"ಬಿಟ್ಟಿದ್ದು ನಾನು, ಅವಳಲ್ಲ! ಅವಳು ಹೇಳ್ತಾ ಇದ್ಲು, ಹಾಲು ಉಕ್ಕಿತು ಅಂತ ನಾನೇ ಎದ್ದು ಹೋದೆ. ನನ್ನ ತಪ್ಪಿಗೆ ಮಗಳ ಮಾರ್ಕ್ ಕಟ್ ಮಾಡ್ತೀರಾ?"

ಮೇಷ್ಟ್ರು ಪತ್ರಿಕೆಯ ತುಂಡಿನಲ್ಲಿದ್ದ ಲೇಖಕಿಯ ಪುಟ್ಟ ಫೋಟೋ ನೋಡಿದರು, ಅಕ್ಕನ ಮುಖ ನೋಡಿದರು. 9 ಹೊಡೆದುಹಾಕಿ 10 ಮಾಡಿದರು. "ಮುಂದಿನ ವರ್ಷ ಬರ್ತೀನಮ್ಮ," ಎಂದು ಪೆನ್ನು ಜೇಬಿಗಿಟ್ಟು ಹೊರಟೇಬಿಟ್ಟರು.

ಗಾಜಿನ ಕೋಣೆಯಿಂದ ಮ್ಯಾನೇಜರ್ ಓಡಿಬಂದರು. "ಅಕ್ಕಾ, ಸಹಿ ಬಿತ್ತಾ?"

ಅಕ್ಕ ಫಾರಂ ಅನ್ನು ಮುದುರದಂತೆ ಮಡಚಿ ಕೈಚೀಲದೊಳಗೆ ಜೋಪಾನವಾಗಿ ಇಟ್ಟುಕೊಂಡಳು.

"ಗೋದಾಮಿನ ಬೀಗದ ಕೈ ಯಾರ ಹತ್ರ ಇದೆ ಸಾರ್?"