ನಟ್ಟನಡುವಿನ ಬಿಲ್ಲೆ

ಚುನಾವಣೆಗೆ ನಿಲ್ಲುವವರ ಎದೆಗೆ ಅವರ ಗುಣದ ಬಿಲ್ಲೆ ಅಂಟಿಸುವುದು ಫಕೀರವ್ವನ ಕೆಲಸ. ಹುಡುಗರ ಆಟವೊಂದರಿಂದ ಸರ್ಕಾರ ಎತ್ತಿಕೊಂಡ ಒಂಬತ್ತು ಮನೆಯ ಪಟ್ಟಿ ಕಚೇರಿಯ ಗೋಡೆಯ ಮೇಲಿತ್ತು. ಅಡ್ಡಕ್ಕೆ ಒಳ್ಳೆಯವ, ನಡುವಿನವ, ಕೆಟ್ಟವ. ಉದ್ದಕ್ಕೆ ನೇಮದವ, ನಡುವಿನವ, ಅಡ್ಡಾದಿಡ್ಡಿಯವ. ಎರಡೂ ಕೂಡುವ ಮನೆಯೇ ಒಬ್ಬೊಬ್ಬರ ಬಿಲ್ಲೆ.

"ತಂಗಿ, ನೇಮದ ಕೆಟ್ಟವ ಅಂತ ಹಚ್ಚು," ಎಂದು ಅದೇ ಬಿಲ್ಲೆಯಿಂದ ಎರಡು ಸಲ ಗೆದ್ದಿದ್ದ ಬಸಲಿಂಗಪ್ಪ ಎದೆಯುಬ್ಬಿಸಿ ನಿಂತ. "ಒಳ್ಳೆಯವ ಅಂದ್ರ ಇಂವನಿಂದ ಏನೂ ಆಗೂದಿಲ್ಲ ಅಂತಾರ ಮಂದಿ. ತಿಂದ್ರೂ ಕೆಲಸ ಮಾಡತಾನ ಅನ್ನಬೇಕು."

ಬಿಲ್ಲೆ ಹಚ್ಚುವವರು ತಾವು ಕಣ್ಣಾರೆ ಕಂಡ ಒಂದು ಸಂಗತಿ ಹೇಳಿಯೇ ಹಚ್ಚಬೇಕೆಂಬುದು ಕಾನೂನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಫಕೀರವ್ವ ಎಂದೂ ದನಿ ಎತ್ತಿದವಳಲ್ಲ. ನೆಲ ನೋಡುತ್ತಲೇ ಹೇಳಿದಳು:

"ನಮ್ಮ ಓಣಿಗೆ ನಲ್ಲಿ ಹಾಕಸ್ರಿ ಅಂತ ಆರು ವರ್ಷ ನಿಮ್ಮ ಬಾಗಿಲಿಗೆ ಬಂದೇನ್ರಿ. ಹಾಕಸಲಿಲ್ಲ. ಆಗೂದಿಲ್ಲ ಅಂತ ಬೈದು ಕಳಸಲೂ ಇಲ್ಲ. ಲಂಚಾನೂ ಕೇಳಲಿಲ್ಲ. ಬಂದಾಗೆಲ್ಲ 'ನೋಡೂಣು' ಅಂದ್ರಿ."

ಹಾಗೆಂದು ನಟ್ಟನಡುವಿನ ಮನೆಯ ಬೂದು ಬಿಲ್ಲೆ ಅಂಟಿಸಿದಳು. ಕಚೇರಿಯೆಲ್ಲ ಕಿಸಕ್ಕೆಂದಿತು. ಬೂದು ಬಿಲ್ಲೆಯವರು ಠೇವಣಿ ಉಳಿಸಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ.

ಬಸಲಿಂಗಪ್ಪನ ಎದೆ ಇಳಿಯಿತು. "ಯವ್ವಾ, ಬರೀ ಕೆಟ್ಟವ ಅಂತಾದ್ರೂ ಹಚ್ಚು! ಇಲ್ಲಾಂದ್ರ ನಿನ್ನ ಕೆಲಸ ತೆಗಸ್ತೇನಿ! ಬ್ಯಾಡ, ನಾಳೇನ ನಲ್ಲಿ ಹಾಕಸ್ತೇನಿ!"

"ಎರಡರಾಗ ಒಂದು ಮಾಡಿ ತೋರಸ್ರಿ ಸಾಹೇಬ್ರ," ಎಂದು ಫಕೀರವ್ವ ಅಂಟಿನ ಡಬ್ಬಿಯ ಮುಚ್ಚಳ ಹಾಕಿದಳು. "ಆಮ್ಯಾಲ ನೋಡೂಣು."