ಎಲ್ಲೂ ನಿಲ್ಲದ ಗಾಡಿ

ಮುದುಕ ಮೂರನೇ ಸಲ ಬಂದಿದ್ದ. ಮೂರನೇ ಸಲವೂ ಸೀದಾ ಆ ಬೂದುಬಣ್ಣದ ಕಾರಿನ ಹತ್ತಿರವೇ ಹೋಗಿ ನಿಂತ.

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದ ತನ್ನ ಹಳೇ ಕಾರುಗಳ ಅಂಗಡಿಯಲ್ಲಿ ಕೂತಿದ್ದ ಪ್ರಭುರಾಜನಿಗೆ ಕುಡಿಯುತ್ತಿದ್ದ ಚಹಾ ಕಹಿಯಾಯಿತು. ಅಂಗಳದಲ್ಲಿ ಹದಿನಾಲ್ಕು ಕಾರುಗಳಿದ್ದವು. ಉಳಿದ ಹದಿಮೂರನ್ನು ಯಾರು ಎಷ್ಟು ಹೊತ್ತು ಮುಟ್ಟಿ ನೋಡಿದರೂ ಅವನಿಗೆ ಚಿಂತೆಯಿರಲಿಲ್ಲ. ಇದೊಂದರ ಮೀಟರನ್ನು ಮಾತ್ರ ಹಿಂದಕ್ಕೆ ತಿರುಗಿಸಿ ಇಟ್ಟಿದ್ದ. ತೊಂಬತ್ತೆರಡು ಸಾವಿರ ಕಿಲೋಮೀಟರ್ ಓಡಿದ ಗಾಡಿ ಈಗ ನಲವತ್ತೊಂದು ತೋರಿಸುತ್ತಿತ್ತು. ಹೋದ ತಿಂಗಳು ಇಂಥದೇ ಕೆಲಸಕ್ಕೆ ಪಕ್ಕದ ಊರಿನಲ್ಲೊಬ್ಬನ ಅಂಗಡಿಗೆ ಬೀಗ ಬಿದ್ದಿತ್ತು. ಗಿರಾಕಿಯಂತೆ ಬಂದ ಪೊಲೀಸರೇ ಅವನನ್ನು ಹಿಡಿದಿದ್ದರು.

ಈ ಗಾಡಿ ಹೇಗಾದರೂ ತೊಲಗಬೇಕಿತ್ತು. ಎಂಟು ತಿಂಗಳು ಹಿಂದಿನ ಶೆಡ್ಡಿನಲ್ಲಿ ತಾಡಪತ್ರಿ ಹೊದಿಸಿ ಇಟ್ಟಿದ್ದೇ ಸಾಕಾಗಿತ್ತು. ಮುಂದೆ ಹೊಸ ಬಂಪರ್ ಹಾಕಿಸಿದ್ದ, ಹಿಂದಿನ ಸೀಟಿಗೆ ಹೊಸ ಕವರ್. ಕವರ್ ಹಾಕುವಾಗ ಸೀಟಿನ ಸಂದಿಯಲ್ಲಿ ಒಂದು ಕಿನ್ನಾಳದ ಕಟ್ಟಿಗೆಯ ಗಿಳಿ ಸಿಕ್ಕಿತ್ತು. ಹಳೇ ಮಾಲೀಕರ ಮಕ್ಕಳದಿರಬೇಕು. ಒಂದು ಕಣ್ಣಿನ ಬಣ್ಣ ಉದುರಿತ್ತು. ಅವನ ಹೆಂಡತಿ ಭವಾನಿ ಅದನ್ನು ಸ್ಟೇರಿಂಗ್ ಪಕ್ಕದಲ್ಲಿ ಅಂಟಿಸಿ, “ಇರ್ಲಿ ಬಿಡ್ರಿ, ಮಕ್ಳು ಮರಿ ಇರೋ ಮನಿ ಗಾಡಿ ಹಂಗ ಕಾಣತೈತಿ” ಅಂದಿದ್ದಳು.

“ಬರ್ರಿ ಯಜಮಾನ್ರ,” ಪ್ರಭುರಾಜ ನಗು ತಂದುಕೊಂಡು ಎದ್ದ. “ಮನಸು ಇದರ ಮ್ಯಾಲೆ ಕುಂತಂಗ ಕಾಣತೈತಿ.”

“ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಾ ತಿರುಗಿ ಬಂದೀನ್ರಿ. ನನಗ ಬೇಕಾದ ಗಾಡಿ ಎಲ್ಲೂ ಸಿಗಲಿಲ್ಲ.”

ಹೆಸರು ಹಂಪಣ್ಣ ಎಂದು ಮೊದಲ ದಿನವೇ ಹೇಳಿದ್ದ. ಉಗುರಿನ ಸಂದಿಗಳಲ್ಲಿ ಬಣ್ಣ ಕೂತಿತ್ತು. ಗೋಡೆಗೆ ಬಣ್ಣ ಬಳಿಯುವವನಿರಬೇಕು ಎಂದು ಪ್ರಭುರಾಜ ಅಂದುಕೊಂಡಿದ್ದ. ಆದರೆ ಬಣ್ಣ ಬಳಿಯುವವನಿಗೆ ಬಂಪರಿನ ಅಂಚನ್ನು ಕೆರೆದು ನೋಡುವ ಉಸಾಬರಿ ಏಕೆ?

“ಟಾಕಿ ತುಂಬ ಪೆಟ್ರೋಲ್ ಹಾಕಿದರ, ದಾರ್ಯಾಗ ಎಲ್ಲೂ ನಿಂದ್ರಲಾರದ ಎಷ್ಟು ದೂರ ಹೋಗತೈತ್ರಿ?”

ಸದ್ಯ, ಇದು ಗೊತ್ತಿದ್ದ ಪ್ರಶ್ನೆ. “ಲೀಟರಿಗೆ ಇಪ್ಪತ್ತೆರಡು ಕೊಡತೈತ್ರಿ. ಹುಬ್ಬಳ್ಳಿಗೆ ಎರಡು ಸಲ ಹೋಗಿ ಬಂದ್ರೂ ಬಂಕಿನ ಮಾರಿ ನೋಡೂದು ಬ್ಯಾಡ.”

“ಹಿಂದಿನ ಸೀಟಿನ್ಯಾಗ ಕೂಸು ಮಲಗಿದರ ಉದ್ದ ಸಾಕಾಗತೈತಿ?”

“ಎಷ್ಟು ವರ್ಷದ ಕೂಸ್ರಿ?”

“ಆರು.”

“ಕಾಲು ಚಾಚಿ ಮಲಗಬೌದ್ರಿ. ಕುಲುಕಾಟನ ಗೊತ್ತಾಗೂದಿಲ್ಲ.”

ಹಂಪಣ್ಣ ಹೊಸ ಕವರಿನ ಮೇಲೆ ಬಹಳ ಹೊತ್ತು ಕೈಯಾಡಿಸಿದ. ಆಮೇಲೆ ಮುಂದೆ ಬಾಗಿ ಮೀಟರ್ ಇದ್ದ ಕಡೆ ಕಣ್ಣು ನೆಟ್ಟ.

“ಮೀಟರ್ ಖರೇ ಐತೇನ್ರಿ? ನಡುವ ಬ್ಯಾರೆ ಯಾರರ ಓಡಿಸ್ಯಾರೇನು?”

“ದೇವರಾಣಿ ಯಜಮಾನ್ರ! ಗಂಗಾವತಿಯಿಂದ ನಾನ ಓಡಿಸಿಕೊಂಡು ಬಂದೀನಿ. ಶ್ರಾವಣದ ಎರಡನೇ ಸೋಮವಾರ, ದಿನಾ ಸೈತ ನೆನಪೈತಿ. ಅವತ್ತಿನಿಂದ ಇವತ್ತಿನ ತನಕ ಬ್ಯಾರೆಯವರ ಕೈಗೆ ಕೀಲಿ ಕೊಟ್ಟಿಲ್ಲ.”

ಮುದುಕ ತಲೆಯಾಡಿಸಿದ. ನಂಬಿದ ಎಂದು ಪ್ರಭುರಾಜನಿಗೆ ಉಸಿರು ಬಂತು.

“ಹಂಗಾರ ಒಂದು ಸುತ್ತು ಹೋಗೂಣ್ರಿ. ನನಗ ಓಡಿಸಾಕ ಬರೂದಿಲ್ಲ, ನೀವ ಓಡಿಸ್ರಿ.” ಹಾಗೆಂದವನು ಹಿಂದಿನ ಸೀಟಿನಲ್ಲಿ ಕೂತ.

ಗಾಡಿ ಓಡಿಸಲು ಬಾರದವನು ಮೂರು ಸಲ ಗಾಡಿ ನೋಡಲು ಬರುತ್ತಾನೆಯೇ? ಪ್ರಭುರಾಜನ ಅನುಮಾನ ಮತ್ತೆ ಹೆಡೆ ಎತ್ತಿತು. ಬೇಡ ಅಂದರೆ ಇನ್ನೂ ಸಂಶಯ ಬಂದೀತು. ಏಸಿ ಹಚ್ಚಿ, ಹೊಸಪೇಟೆ ಹೈವೇ ಕಡೆ ತಿರುಗಿಸಲು ಹೋದ.

“ಅತ್ಲಾಗ ಬ್ಯಾಡ್ರಿ. ಕಿನ್ನಾಳದ ಕಡೆ ಹೊಡೀರಿ.”

“ಆ ದಾರಿ ಛಲೋ ಇಲ್ರಿ, ತಗ್ಗು ಭಾಳ.”

“ನಮ್ಮ ಮನಿ ದಾರಿ ಅದ ಐತ್ರಿ.”

ಪ್ರಭುರಾಜ ಗಾಡಿಯನ್ನು ಕಿನ್ನಾಳದ ಕಡೆ ತಿರುಗಿಸಿದ. ಕನ್ನಡಿಯಲ್ಲಿ ಮುದುಕನನ್ನು ಕದ್ದು ನೋಡಿದ. ಅವನು ರಸ್ತೆ ನೋಡುತ್ತಿರಲಿಲ್ಲ. ಮೀಟರನ್ನೂ ನೋಡುತ್ತಿರಲಿಲ್ಲ. ಅವನು ನೋಡುತ್ತಿದ್ದುದು ಗಿಳಿಯನ್ನು.

ಊರು ಇನ್ನೇನು ಬಂತು ಅನ್ನುವಾಗ ದಾರಿಬದಿಯಲ್ಲೊಂದು ಬೇವಿನ ಮರ.

“ಇಲ್ಲೆ ನಿಂದ್ರಸ್ರಿ.”

ಹಂಪಣ್ಣ ಚೀಲದಿಂದ ಒಂದು ಪುಟ್ಟ ಡಬ್ಬಿ, ಕೂದಲೆಳೆಯಂಥ ಕುಂಚ ತೆಗೆದ. ಎರಡು ಸೀಟುಗಳ ನಡುವೆ ಮುಂದೆ ಬಾಗಿದ. ಎಡಗೈಯಿಂದ ಗಿಳಿಯ ತಲೆಯನ್ನು, ಕೂಸಿನ ಗಲ್ಲ ಹಿಡಿದಂತೆ, ಮೆಲ್ಲಗೆ ಹಿಡಿದ.

“ಈ ಬಣ್ಣ ಉದುರಿದ್ದಲ್ರಿ. ನಾವು ಕಿನ್ನಾಳದವರು ಗೊಂಬಿಗೆ ಕಣ್ಣು ಕಡೀಕ ಬರೀತೇವಿ. ಇದಕ್ಕ ಒಂದ ಬರದಿದ್ದೆ. ಇನ್ನೊಂದು ಬರಿಯಾಕ ಪುರಸೊತ್ತ ಕೊಡಲಿಲ್ಲ ನನ್ನ ಮೊಮ್ಮಗಳು. ಕೈಯಾಗಿಂದ ಕಸಗೊಂಡು ಇಲ್ಲೇ, ಈ ರಸ್ತೆಗೆ ಓಡಿ ಬಂದ್ಲು. ಶ್ರಾವಣದ ಎರಡನೇ ಸೋಮವಾರ.”

ಪ್ರಭುರಾಜನ ಕೈ ಬಾಗಿಲ ಹಿಡಿಯತ್ತ ಹೋಯಿತು. ಅಲ್ಲೇ ನಿಂತಿತು. ಆ ದಿನ ಅವನು ಕೂಸಿನ ಮುಖ ನೋಡಿರಲಿಲ್ಲ. ಮುಷ್ಟಿಯಲ್ಲಿ ಏನಿತ್ತೆಂದಂತೂ ನೋಡಿರಲೇ ಇಲ್ಲ.

“ಬೂದುಬಣ್ಣದ ಗಾಡಿ ಬಡೀತು, ಎತ್ತಿ ಒಳಗ ಹಾಕ್ಕೊಂಡು ಕೊಪ್ಪಳದ ಕಡೆ ಹೋತು ಅಂದ್ರು, ದೂರದ ಹೊಲದಾಗ ಇದ್ದವರು.” ಕುಂಚ ಅಲುಗಲಿಲ್ಲ. “ಪುಣ್ಯಾತ್ಮ ಅಂದಿದ್ವಿ. ಕೊಪ್ಪಳದ ಎಲ್ಲಾ ದವಾಖಾನಿ ಹುಡುಕಿದ್ವಿ. ಮೂರನೇ ದಿನ ಅಳವಂಡಿ ದಾರ್ಯಾಗ, ಹೊಲದ ಬದುವಿನ್ಯಾಗ ಸಿಕ್ಕಳು.”

ಎರಡನೇ ಕಣ್ಣು ಮುಗಿಯಿತು. ಮುದುಕ ಅದರ ಮೇಲೆ ಮೆಲ್ಲಗೆ ಊದಿದ.

“ಇಲ್ಲಿಂದ ಅಳವಂಡಿಗೆ ಹೋಗೂ ಮುಂದ ನಡುವ ಕೊಪ್ಪಳ ಬರತೈತಲ್ರಿ. ದವಾಖಾನಿ ಮುಂದ ಒಂದು ಗಳಿಗಿ ಯಾಕ ನಿಂದ್ರಲಿಲ್ರಿ?”